ಭೂರೂಪ ನಕ್ಷೆಗಳ ಸಂಖ್ಯಾಶಾಸ್ತ್ರೀಯ ಸೂಕ್ಷ್ಮೀಕರಣ: ಲಾಸ್ ಏಂಜಲೀಸ್–ಸ್ಯಾನ್ ಡಿಯೇಗೊ ಪ್ರದೇಶ

ಭೂರೂಪ ನಕ್ಷೆಯ ಸೂಕ್ಷ್ಮೀಕರಣ: ಬೆಟ್ಟ, ಬಯಲು, ಕಣಿವೆ, ಮೆಕ್ಕಲು ಬೀಸಣಿಗೆ ಮೊದಲಾದ ಭೂರೂಪಗಳನ್ನು ದೊಡ್ಡ ಚೌಕಗಳಲ್ಲಿ ಅಥವಾ ವಿಶಾಲ ವಲಯಗಳಲ್ಲಿ ಗುರುತಿಸಿದ ನಕ್ಷೆಯನ್ನು, ಅದೇ ನೆಲದ ಎತ್ತರ–ಇಳಿಜಾರುಗಳ ಸೂಕ್ಷ್ಮ ಮಾಹಿತಿಯ ನೆರವಿನಿಂದ ಸಣ್ಣ ಚೌಕಗಳಿಗೆ ಹಂಚುವ ಸಂಖ್ಯಾಶಾಸ್ತ್ರೀಯ ವಿಧಾನ. ವೃತ್ತಿಯವರು ಇದನ್ನು ಡೌನ್‌ಸ್ಕೇಲಿಂಗ್ ಎನ್ನುತ್ತಾರೆ. ಚಿತ್ರವನ್ನು ಹಿಗ್ಗಿಸುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹಿಗ್ಗಿಸಿದಾಗ ಚೌಕ ದೊಡ್ಡದಾಗಿ ಕಾಣುತ್ತದೆಯೇ ಹೊರತು ಅದರೊಳಗಿನ ಸಂಗತಿ ಹೆಚ್ಚುವುದಿಲ್ಲ. ಸೂಕ್ಷ್ಮೀಕರಣದಲ್ಲಿ ದೊಡ್ಡ ಚೌಕದ ಒಂದು ಹೇಳಿಕೆಯನ್ನು ಬಿಡಿಸಿ, ಅದು ಒಳಗಿನ ಯಾವ ತುಂಡಿಗೆ ಎಷ್ಟು ಸಲ್ಲುತ್ತದೆ ಎಂದು ಲೆಕ್ಕ ಹಾಕಲಾಗುತ್ತದೆ.

ಈ ಯೋಚನೆ ನಮ್ಮ ನೆಲಕ್ಕೆ ಹೊಸದಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಬೇಸಾಯಗಾರರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದು. ನಡುವಿನ ಮಜಲಿನಲ್ಲಿ ಎರಡು, ಮೇಲಿನ ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ. ರಾಜ್ಯದ ಭೂಪಟದಲ್ಲಿ ಮೂರೂ ‘ಕರಾವಳಿ’ ಎಂಬ ಒಂದೇ ಬಣ್ಣದಡಿ ಅಡಗಿವೆ. ಆ ಒಂದು ಬಣ್ಣದಿಂದ ಬೈಲು–ಮಜಲು–ಬೆಟ್ಟುಗಳ ತನಕ ಇಳಿಯುವ ಹಾದಿಯನ್ನು ಗಣಿತದ ಮೂಲಕ ಹುಡುಕುವುದೇ ಸೂಕ್ಷ್ಮೀಕರಣ. ಇದಕ್ಕೆ ಬೇಕಾದ ಎತ್ತರದ ಮಾಹಿತಿ, ವರ್ಗೀಕರಣದ ಸೂತ್ರಗಳು, ಹಂಚಿಕೆಯ ಗಣಿತ ಮತ್ತು ಅದರ ತುರ್ತು ಬಳಕೆ ಹತ್ತಿರ ಹತ್ತಿರ ಸೇರಿಕೊಂಡಿರುವ ಜಾಗಗಳಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ಒಂದು.

ಚೌಕದ ಅಳತೆ

ನಕ್ಷೆಯ ಸೂಕ್ಷ್ಮತೆಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಕಾಗದದ ನಕ್ಷೆಗೆ ಅನುಪಾತ: 1:2,50,000 ಎಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ 250 ಮೀಟರ್. 1:24,000 ಆದರೆ 24 ಮೀಟರ್. ಕಂಪ್ಯೂಟರ್ ನಕ್ಷೆಗೆ ಚೌಕದ ಬದಿಯ ಉದ್ದ. ಕನ್ನಡ ಓದುಗರಿಗೆ ಇದನ್ನು ಹೊಲದ ಅಳತೆಯಲ್ಲಿ ಹೇಳುವುದು ಸುಲಭ. ಬದಿ 1 ಕಿಲೋಮೀಟರ್ ಇರುವ ಚೌಕ ಎಂದರೆ 247 ಎಕರೆ. 250 ಮೀಟರಿನದು ಹದಿನೈದೂವರೆ ಎಕರೆಗೆ ಸಮೀಪ. 90 ಮೀಟರಿನದು ಎರಡು ಎಕರೆ, 30 ಮೀಟರಿನದು ಸುಮಾರು ಒಂಬತ್ತು ಗುಂಟೆ, 10 ಮೀಟರಿನದು ಹೆಚ್ಚುಕಡಿಮೆ ಒಂದು ಗುಂಟೆ. 247 ಎಕರೆಗೆ ಒಂದೇ ಹೆಸರು ಕೊಟ್ಟ ನಕ್ಷೆಯಿಂದ ಗುಂಟೆಗೊಂದು ಹೆಸರು ಕೊಡುವ ನಕ್ಷೆಗೆ ಹೋಗಬೇಕಾದರೆ ಒಂದು ಚೌಕವನ್ನು ಹತ್ತು ಸಾವಿರ ತುಂಡು ಮಾಡಬೇಕು.

ಚೌಕ ದೊಡ್ಡದಾದಷ್ಟೂ ನೆಲ ಸಪಾಟಾಗುತ್ತದೆ. 60 ಮೀಟರ್ ಆಳದ ಕಮರಿಯ ಒಂದು ಬದಿ 120 ಮೀಟರ್ ದೂರದಲ್ಲಿ ಇಳಿದಿದೆ ಎಂದುಕೊಳ್ಳೋಣ. ಅಲ್ಲಿ ನಿಂತವನಿಗೆ ಇಳಿಜಾರು ಸುಮಾರು 27 ಡಿಗ್ರಿ, ಹತ್ತಲು ಕೈಯೂರಬೇಕಾದಷ್ಟು ಕಡಿದು. ಅದೇ ಜಾಗವನ್ನು ಒಂದು ಕಿಲೋಮೀಟರ್ ಚೌಕಗಳ ಸರಾಸರಿಯಿಂದ ನೋಡಿದರೆ, ಅಕ್ಕಪಕ್ಕದ ಎರಡು ಚೌಕಗಳ ಎತ್ತರದ ಅಂತರ 20 ಮೀಟರ್ ಇದ್ದಲ್ಲಿ ಇಳಿಜಾರು ಒಂದು ಡಿಗ್ರಿಯನ್ನು ಸ್ವಲ್ಪ ದಾಟುತ್ತದೆ. ಸ್ಥೂಲ ನಕ್ಷೆ ಅದನ್ನು ಬಯಲು ಎಂದು ಬರೆಯುತ್ತದೆ. ಸರಾಸರಿಯ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಆ ಕಮರಿಯ ಅಂಚಿನಲ್ಲಿ ಮನೆ ಕಟ್ಟುವವನಿಗೆ ಆ ಸತ್ಯದಿಂದ ಪ್ರಯೋಜನವಿಲ್ಲ.

ಪ್ರದೇಶದ ಭೂರೂಪಗಳು

ಲಾಸ್ ಏಂಜಲೀಸ್ ನಗರದ ಬಹುಭಾಗ ಮೆಕ್ಕಲು ತುಂಬಿದ ತಗ್ಗುನೆಲದಲ್ಲಿ ಹರಡಿಕೊಂಡಿದೆ. ಅದರ ಉತ್ತರಕ್ಕೆ ಸ್ಯಾನ್ ಗೇಬ್ರಿಯಲ್ ಪರ್ವತ ಗೋಡೆಯಂತೆ ನಿಂತಿದೆ. ಅದರ ಅತಿ ಎತ್ತರದ ಸ್ಯಾನ್ ಆಂಟೋನಿಯೊ ಶಿಖರ 3,068 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ಎತ್ತರದ ಈ ಶಿಖರ ಪೆಸಿಫಿಕ್ ತೀರದಿಂದ ನೂರು ಕಿಲೋಮೀಟರಿನೊಳಗೇ ಇದೆ. ಕ್ಯಾಲಿಫೋರ್ನಿಯದ ಬಹುತೇಕ ಬೆಟ್ಟಸಾಲುಗಳು ಕರಾವಳಿಗೆ ಸಮಾನಾಂತರವಾಗಿ ಓಡಿದರೆ, ಸ್ಯಾನ್ ಗೇಬ್ರಿಯಲ್ ಸೇರಿದ ಅಡ್ಡಸಾಲುಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ಸ್ಯಾನ್ ಆಂಡ್ರಿಯಸ್ ಭ್ರಂಶದ ಒತ್ತಡದಲ್ಲಿ ಇವು ಇನ್ನೂ ಮೇಲೇಳುತ್ತಿವೆ. ಮೇಲೆದ್ದಷ್ಟೂ ಸವೆದು, ಕಣಿವೆಗಳ ಬಾಯಲ್ಲಿ ಕಲ್ಲು–ಮರಳು ಸುರಿದು, ಬೀಸಣಿಗೆಯಾಕಾರದ ಮೆಕ್ಕಲು ಹಾಸುಗಳಾಗಿವೆ. ಪ್ಯಾಸಡೀನ, ಆಲ್ಟಡೀನ, ಲಾ ಕ್ರೆಸೆಂಟಾ ಊರುಗಳು ಬೆಳೆದಿರುವುದು ಇಂಥ ಹಾಸುಗಳ ಮೇಲೆ. ತೀರದಲ್ಲಿ ಪಾಲೊಸ್ ವರ್ಡೀಸ್ ಬೆಟ್ಟ ಸಮುದ್ರದ ಹಳೆಯ ಮಟ್ಟಗಳನ್ನು ಮೆಟ್ಟಿಲುಗಳಂತೆ ಒಂದರ ಮೇಲೊಂದು ಉಳಿಸಿಕೊಂಡಿದೆ. ಅದರ ದಕ್ಷಿಣ ಅಂಚಿನ ಪೋರ್ಚುಗೀಸ್ ಬೆಂಡ್ ಭಾಗ 1956ರಿಂದ ಕಡಲಿನತ್ತ ಜಾರುತ್ತಲೇ ಇದೆ.

ಸ್ಯಾನ್ ಡಿಯೇಗೊದ ಕಥೆ ಬೇರೆ. ಇಲ್ಲಿ ಕಡಲಂಚಿನಿಂದ ಒಳಗೆ ಮೇಜಿನಂತೆ ಸಪಾಟಾದ ದಿಬ್ಬಗಳು, ಅಂದರೆ ಮೇಸಾಗಳು, ಹಬ್ಬಿವೆ. ಇವೂ ಒಂದು ಕಾಲದ ಕಡಲತಳವೇ. ನೆಲ ಮೇಲೆದ್ದ ಮೇಲೆ ಹಳ್ಳಗಳು ಮೇಸಾಗಳನ್ನು ಕೊರೆದು ಬೆರಳಿನಂತೆ ಕವಲೊಡೆದ ಕಮರಿಗಳನ್ನು ಮಾಡಿವೆ. ಕೀರ್ನಿ ಮೇಸಾದ ಮೇಲಿನ ಸಣ್ಣ ವಿಮಾನ ನಿಲ್ದಾಣ ಸುಮಾರು 130 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ನಡೆದರೆ ಸ್ಯಾನ್ ಡಿಯೇಗೊ ನದಿ ಹರಿಯುವ ಮಿಷನ್ ಕಣಿವೆ ಹೆಚ್ಚುಕಡಿಮೆ ಕಡಲ ಮಟ್ಟದಲ್ಲಿ ಸಿಗುತ್ತದೆ. ನಗರದ ಬೀದಿಗಳು ಮೇಸಾದ ಮೇಲೆ ನೇರವಾಗಿ ಓಡಿ ಕಮರಿಯ ಅಂಚಿನಲ್ಲಿ ಥಟ್ಟನೆ ನಿಲ್ಲುತ್ತವೆ. ಪೂರ್ವಕ್ಕೆ ಪೆನಿನ್ಸುಲರ್ ಸಾಲಿನ ಗ್ರಾನೈಟ್ ಬೆಟ್ಟಗಳು ಏರುತ್ತವೆ. ಅಲ್ಲಿನ ಕ್ವಯಾಮಾಕಾ ಶಿಖರ 1,985 ಮೀಟರ್. ಅದರಾಚೆ ನೆಲ ಒಮ್ಮೆಲೆ ಮರುಭೂಮಿಗೆ ಇಳಿಯುತ್ತದೆ.

ಸ್ಥೂಲ ನಕ್ಷೆಗಳು

ಅಮೆರಿಕದ ಭೂರೂಪ ನಕ್ಷೆಗಳಲ್ಲಿ ಹೆಸರಾದದ್ದು ಭೂಗೋಳಜ್ಞ ಎಡ್ವಿನ್ ಹ್ಯಾಮಂಡ್ 1954 ಮತ್ತು 1964ರಲ್ಲಿ ಪ್ರಕಟಿಸಿದ ವರ್ಗೀಕರಣ. ಸುಮಾರು ಆರು ಮೈಲಿ ಅಗಲದ ಕಿಂಡಿಯನ್ನು ನಕ್ಷೆಯ ಮೇಲೆ ಸರಿಸುತ್ತಾ ಆತ ಮೂರು ಪ್ರಶ್ನೆ ಕೇಳಿದ: ಈ ಕಿಂಡಿಯೊಳಗೆ ಶೇ. 8ಕ್ಕಿಂತ ಕಡಿಮೆ ಇಳಿಜಾರಿನ ನೆಲ ಎಷ್ಟು ಪಾಲು? ಅತಿ ಎತ್ತರಕ್ಕೂ ಅತಿ ತಗ್ಗಿಗೂ ಅಂತರ ಎಷ್ಟು? ಸಪಾಟು ನೆಲ ಮೇಲಿದೆಯೋ ಕೆಳಗಿದೆಯೋ? ಮೂರನೆಯ ಪ್ರಶ್ನೆಯೇ ಜಾಣತನದ್ದು. ಸಪಾಟು ಮೇಲಿದ್ದರೆ ಅದು ಮೇಸಾ ಅಥವಾ ಪ್ರಸ್ಥಭೂಮಿ, ಕೆಳಗಿದ್ದರೆ ಕಣಿವೆಯ ಬಯಲು. ಕೈಯಿಂದ ಮಾಡಿದ ಈ ಕೆಲಸವನ್ನು 1991ರಲ್ಲಿ ಡಿಕಾವ್, ಬ್ರಾಬ್, ಮಾರ್ಕ್ ಎಂಬ ಮೂವರು ಕಂಪ್ಯೂಟರಿಗೆ ಒಪ್ಪಿಸಿದರು. 2014ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಯುಎಸ್‌ಜಿಎಸ್ ಮತ್ತು ಲಾಸ್ ಏಂಜಲೀಸಿನ ಪೂರ್ವಕ್ಕಿರುವ ರೆಡ್‌ಲ್ಯಾಂಡ್ಸ್ ಊರಿನ ಎಸ್ರಿ ಸಂಸ್ಥೆ ಸೇರಿ ಪ್ರಕಟಿಸಿದ ಜಾಗತಿಕ ಪರಿಸರ ಘಟಕಗಳ ನಕ್ಷೆಯಲ್ಲೂ ಭೂರೂಪದ ಪದರ ಹ್ಯಾಮಂಡನ ಹಾದಿಯದ್ದೇ. ಅದರ ಚೌಕ 250 ಮೀಟರ್.

ಇನ್ನೊಂದು ದಾರಿ ಜಪಾನಿನ ಜುಂಕೊ ಇವಾಹಾಶಿ ಮತ್ತು ಅಮೆರಿಕದ ರಿಚರ್ಡ್ ಪೈಕ್ 2007ರಲ್ಲಿ ತೋರಿಸಿದ್ದು. ಇಳಿಜಾರು, ಉಬ್ಬು, ನೆಲದ ಒರಟುತನ ಎಂಬ ಮೂರೇ ಅಳತೆಗಳಿಂದ ಭೂಮಿಯನ್ನು ಹದಿನಾರು ವರ್ಗಗಳವರೆಗೆ ವಿಂಗಡಿಸುವ ಕ್ರಮ ಅದು.

ಮಣ್ಣಿನ ನಕ್ಷೆಗಳಲ್ಲೂ ಸ್ಥೂಲ–ಸೂಕ್ಷ್ಮದ ಜೋಡಿಯಿದೆ. ಅಮೆರಿಕದ ಕೃಷಿ ಇಲಾಖೆಯ ಸ್ಟ್ಯಾಟ್ಸ್‌ಗೊ ಎಂಬ ನಕ್ಷೆ 1:2,50,000ದ್ದು. ಸರ್ಗೊ ಎಂಬ ವಿವರ ನಕ್ಷೆಯ ಬಹುಭಾಗ 1:24,000 ಅಥವಾ ಅದಕ್ಕಿಂತ ಸೂಕ್ಷ್ಮ. ಸ್ಟ್ಯಾಟ್ಸ್‌ಗೊದ ಒಂದು ವಲಯದಲ್ಲಿ ಹಲವು ಮಣ್ಣುಗಳು ಶೇಕಡಾವಾರು ಲೆಕ್ಕದಲ್ಲಿ ಇರುತ್ತವೆ, ಯಾವುದು ಎಲ್ಲಿದೆ ಎಂದು ಮಾತ್ರ ಹೇಳಿರುವುದಿಲ್ಲ. ಸೂಕ್ಷ್ಮೀಕರಣಕ್ಕೆ ಹದವಾದ ಹೊಲ ಇದೇ.

ಎತ್ತರದ ಮಾಹಿತಿ

ಬಿಡಿಸಲು ಆಧಾರವಾಗುವುದು ಡಿಜಿಟಲ್ ಎತ್ತರ ಮಾದರಿ, ವೃತ್ತಿಯವರ ಬಾಯಲ್ಲಿ ಡೆಮ್. 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ 60 ಮೀಟರ್ ಉದ್ದದ ತೋಳು ಚಾಚಿ, ಹನ್ನೊಂದು ದಿನ ಭೂಮಿಯನ್ನು ರಾಡಾರಿನಿಂದ ಸವರಿತು. ಎಸ್‌ಆರ್‌ಟಿಎಂ ಎಂಬ ಈ ಯೋಜನೆಯನ್ನು ನಡೆಸಿದ್ದು ಪ್ಯಾಸಡೀನದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ಸ್ಯಾನ್ ಗೇಬ್ರಿಯಲ್ ತಪ್ಪಲಿನ ಮೆಕ್ಕಲಿನ ಮೇಲೆ ಕುಳಿತ ಪ್ರಯೋಗಾಲಯವೇ ಜಗತ್ತಿನ ಬೆಟ್ಟಗಳನ್ನು ಅಳೆದುಕೊಟ್ಟಿತು. ಅದರ ಸೂಕ್ಷ್ಮ ಚೌಕ ಒಂದು ಆರ್ಕ್ ಸೆಕೆಂಡ್. ಲಾಸ್ ಏಂಜಲೀಸಿನ ಅಕ್ಷಾಂಶದಲ್ಲಿ ಅದು ಉತ್ತರ–ದಕ್ಷಿಣಕ್ಕೆ ಸುಮಾರು 31 ಮೀಟರ್, ಪೂರ್ವ–ಪಶ್ಚಿಮಕ್ಕೆ ಸುಮಾರು 26 ಮೀಟರ್. ಅಮೆರಿಕದ ಹೊರಗಿನ ನೆಲಕ್ಕೆ ಮೊದಲು 90 ಮೀಟರಿನ ಮಾಹಿತಿಯಷ್ಟೇ ಸಿಗುತ್ತಿತ್ತು. 30 ಮೀಟರಿನದನ್ನು ಜಗತ್ತಿಗೆ ಬಿಡುವ ನಿರ್ಧಾರ ಬಂದದ್ದು 2014ರಲ್ಲಿ. ಈಗ ಯುಎಸ್‌ಜಿಎಸ್ ವಿಮಾನದ ಲೇಸರ್ ಅಳತೆಯಿಂದ, ಅಂದರೆ ಲೈಡಾರಿನಿಂದ, ಒಂದು ಮೀಟರಿನ ಮಾದರಿಗಳನ್ನೂ ಕೊಡುತ್ತಿದೆ.

ಡೆಮ್‌ನಿಂದ ಇಳಿಜಾರು, ನೆಲದ ಬಾಗು, ನೀರು ಒಟ್ಟುಗೂಡುವ ಪ್ರಮಾಣ ಮುಂತಾದ ಸೂಚಿಗಳನ್ನು ತೆಗೆಯುತ್ತಾರೆ. ಇವುಗಳಲ್ಲಿ ಸರಳವಾದದ್ದು, ಹೆಚ್ಚು ಬಳಕೆಯದ್ದು ಸ್ಥಾನ ಸೂಚಿ: ಒಂದು ಚೌಕದ ಎತ್ತರದಿಂದ ಸುತ್ತಲಿನ ನೆಲದ ಸರಾಸರಿ ಎತ್ತರವನ್ನು ಕಳೆಯುವುದು. ಉತ್ತರ ಧನವಾದರೆ ನೆತ್ತಿ, ಋಣವಾದರೆ ತಗ್ಗು, ಶೂನ್ಯದ ಹತ್ತಿರವಾದರೆ ಬಯಲು ಅಥವಾ ಏಕರೀತಿಯ ಇಳಿಜಾರು. ಆಂಡ್ರ್ಯೂ ವೈಸ್ ಇದನ್ನು ಸಣ್ಣ ಸುತ್ತಳತೆಯಲ್ಲೊಮ್ಮೆ, ದೊಡ್ಡ ಸುತ್ತಳತೆಯಲ್ಲೊಮ್ಮೆ ಲೆಕ್ಕ ಹಾಕಿ ಎರಡನ್ನೂ ಕೂಡಿಸಿ ಹತ್ತು ಭೂರೂಪಗಳನ್ನು ಹೆಸರಿಸಿದ. 2001ರಲ್ಲಿ ಸ್ಯಾನ್ ಡಿಯೇಗೊದಲ್ಲಿ ನಡೆದ ಎಸ್ರಿ ಬಳಕೆದಾರರ ಸಮ್ಮೇಳನದಲ್ಲಿ ಆತ ಇದನ್ನು ಮುಂದಿಟ್ಟದ್ದು ಒಂದು ಭಿತ್ತಿಪತ್ರವಾಗಿ. ಸ್ಥಾನ ಸೂಚಿಯನ್ನು ಬಳಸುವ ಸಂಶೋಧನೆಗಳಲ್ಲಿ ಆ ಭಿತ್ತಿಪತ್ರದ ಉಲ್ಲೇಖ ಇಂದಿಗೂ ಸಾಮಾನ್ಯ. ಬೈಲು, ಮಜಲು, ಬೆಟ್ಟು ಎಂದು ಕರಾವಳಿಯ ರೈತ ಕಣ್ಣಳತೆಯಲ್ಲಿ ಮಾಡುವುದನ್ನೇ ಈ ಸೂಚಿ ಕಳೆಯುವ ಲೆಕ್ಕದಲ್ಲಿ ಮಾಡುತ್ತದೆ. 2013ರಲ್ಲಿ ಯಾಸ್ಯೆವಿಚ್ ಮತ್ತು ಸ್ಟೆಪಿನ್ಸ್ಕಿ ಪ್ರಕಟಿಸಿದ ಜಿಯೊಮಾರ್ಫನ್ ವಿಧಾನ, ಒಂದು ಬಿಂದುವಿನಿಂದ ಎಂಟು ದಿಕ್ಕಿಗೆ ದೃಷ್ಟಿ ಹಾಯಿಸಿ, ನೆಲ ಏರಿದೆಯೋ ಇಳಿದಿದೆಯೋ ಸಮವೋ ಎಂದು ನೋಡಿ ಹತ್ತು ರೂಪಗಳನ್ನು ಗುರುತಿಸುತ್ತದೆ.

ಇಲ್ಲೊಂದು ಸಹಜ ಪ್ರಶ್ನೆ: ಸೂಕ್ಷ್ಮ ಡೆಮ್ ಕೈಯಲ್ಲಿರುವಾಗ ಸ್ಥೂಲ ನಕ್ಷೆಯ ಹಂಗೇಕೆ? ಡೆಮ್ ಆಕಾರವನ್ನಷ್ಟೇ ಬಲ್ಲದು, ಆ ಆಕಾರ ಹೇಗೆ ಬಂತು ಎಂಬುದನ್ನು ಅರಿಯದು. ಎರಡು ಡಿಗ್ರಿ ವಾಲಿದ ನೆಲ ಮೆಕ್ಕಲು ಬೀಸಣಿಗೆಯೂ ಆಗಿರಬಹುದು, ಮೇಲೆದ್ದ ಕಡಲತಳವೂ ಆಗಿರಬಹುದು, ಯಂತ್ರ ಕಡಿದು ಸಮ ಮಾಡಿದ ಬಡಾವಣೆಯೂ ಆಗಿರಬಹುದು. ಭೂವಿಜ್ಞಾನಿ ನೆಲ ತುಳಿದು ಬರೆದ ಸ್ಥೂಲ ನಕ್ಷೆಯಲ್ಲಿ ಆ ಉತ್ಪತ್ತಿಯ ತಿಳಿವಳಿಕೆ ಇದೆ. ಒಂದರ ತಿಳಿವಳಿಕೆಗೆ ಇನ್ನೊಂದರ ವಿವರವನ್ನು ಜೋಡಿಸುವುದು ಸೂಕ್ಷ್ಮೀಕರಣದ ಗುರಿ.

ವಿಧಾನಗಳು

ಹಂಚಿಕೆಯ ಗಣಿತದಲ್ಲಿ ಮೂರು ಪರಂಪರೆಗಳನ್ನು ಗುರುತಿಸಬಹುದು.

ಮೊದಲನೆಯದು ಮೊತ್ತ ಕಾಯುವ ಪರಂಪರೆ. ಸ್ಯಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಾಲ್ಡೊ ಟಾಬ್ಲರ್ 1979ರಲ್ಲಿ ಒಂದು ನಿಯಮವನ್ನು ಸೂತ್ರಗೊಳಿಸಿದರು: ದೊಡ್ಡ ವಲಯದ ಸಂಖ್ಯೆಯನ್ನು ಒಳಗೆ ಹೇಗೆ ಬೇಕಾದರೂ ನಯವಾಗಿ ಹರಡಿ, ಮತ್ತೆ ಕೂಡಿಸಿದಾಗ ಮೊದಲಿನ ಮೊತ್ತವೇ ಬರಬೇಕು. ಹತ್ತಿರದ ವಸ್ತುಗಳು ದೂರದವಕ್ಕಿಂತ ಹೆಚ್ಚು ಸಂಬಂಧ ಹೊಂದಿರುತ್ತವೆ ಎಂಬ, ಭೂಗೋಳದ ಮೊದಲ ನಿಯಮವೆಂದು ಹೆಸರಾದ 1970ರ ಮಾತೂ ಅವರದ್ದೇ. ಅದೇ ವಿಶ್ವವಿದ್ಯಾಲಯದ ಫೇಡನ್ ಕಿರಿಯಾಕಿಡಿಸ್ 2004ರಲ್ಲಿ ಇದನ್ನು ಕ್ರಿಗಿಂಗ್ ಎಂಬ ಭೂಸಂಖ್ಯಾಶಾಸ್ತ್ರದ ಚೌಕಟ್ಟಿಗೆ ತಂದು, ವಲಯದ ಸರಾಸರಿಯಿಂದ ಬಿಂದುವಿನ ಮೌಲ್ಯವನ್ನೂ ಅದರ ದೋಷದ ಅಂದಾಜನ್ನೂ ಒಟ್ಟಿಗೆ ಪಡೆಯುವ ದಾರಿ ತೋರಿಸಿದರು.

ಎರಡನೆಯದು ವರ್ಗೀಕರಣದ ಪರಂಪರೆ. ಸ್ಥೂಲ ನಕ್ಷೆಯ ವರ್ಗಗಳನ್ನು ಪಾಠವೆಂದೂ ಡೆಮ್‌ನ ಸೂಚಿಗಳನ್ನು ಸುಳಿವುಗಳೆಂದೂ ಇಟ್ಟುಕೊಂಡು ಕಂಪ್ಯೂಟರಿಗೆ ಕಲಿಸಲಾಗುತ್ತದೆ. ಲಾಜಿಸ್ಟಿಕ್ ರಿಗ್ರೆಷನ್ ಹಳೆಯ ಸಾಧನ. 2001ರಲ್ಲಿ ಲಿಯೊ ಬ್ರೈಮನ್ ರೂಪಿಸಿದ ರ‍್ಯಾಂಡಮ್ ಫಾರೆಸ್ಟ್ ಈಗ ಹೆಚ್ಚು ಬಳಕೆಯಲ್ಲಿದೆ. ನೂರಾರು ನಿರ್ಣಯ ವೃಕ್ಷಗಳನ್ನು ಬೆಳೆಸಿ ಅವುಗಳ ಮತ ಎಣಿಸುವ ವಿಧಾನ ಇದು. ಬ್ರೈಮನ್ ಬರ್ಕ್ಲಿಗೆ ಹೋಗುವ ಮೊದಲು ಕೆಲ ವರ್ಷ ಲಾಸ್ ಏಂಜಲೀಸಿನ ಯುಸಿಎಲ್‌ಎಯಲ್ಲಿ ಪಾಠ ಹೇಳುತ್ತಿದ್ದವರು. ಮಣ್ಣಿನ ನಕ್ಷೆ ಬಿಡಿಸಲು 2014ರಲ್ಲಿ ಓಡ್ಜರ್ಸ್ ಮತ್ತು ಸಂಗಡಿಗರು ಕೊಟ್ಟ ಡಿಸ್ಮಾರ್ಟ್ ಎಂಬ ಕ್ರಮವೂ ಈ ಜಾತಿಯದ್ದೇ. ವಲಯದೊಳಗೆ ಮನಬಂದಂತೆ ಬಿಂದುಗಳನ್ನು ಚೆಲ್ಲಿ, ಶೇಕಡಾವಾರಿಗೆ ತಕ್ಕಂತೆ ಒಂದೊಂದಕ್ಕೆ ಮಣ್ಣಿನ ಹೆಸರಿಟ್ಟು, ವೃಕ್ಷ ಬೆಳೆಸಿ, ಮತ್ತೆ ಮತ್ತೆ ಇದನ್ನೇ ಮಾಡುತ್ತಾರೆ. ತಪ್ಪು ಹೆಸರುಗಳು ಚದುರಿಹೋಗುತ್ತವೆ, ಸರಿಯಾದವು ಒಂದೇ ಕಡೆ ಮರಳಿ ಮರಳಿ ಬೀಳುತ್ತವೆ. ಎಷ್ಟು ಸಲ ಬಿತ್ತು ಎಂಬುದೇ ಸಂಭಾವ್ಯತೆ.

ಮೂರನೆಯದು ವಿನ್ಯಾಸದ ಪರಂಪರೆ. ಕಮರಿ ಎಂದರೆ ಚದುರಿದ ಚೌಕಗಳ ರಾಶಿಯಲ್ಲ, ಒಂದಕ್ಕೊಂದು ಕೂಡಿಕೊಂಡ ಸರಪಳಿ. ಈ ಜೋಡಣೆಯನ್ನು ಒಂದು ಮಾದರಿ ಚಿತ್ರದಿಂದ ಕಲಿತು ಬೇರೆಡೆ ಮರುರಚಿಸುವ ಬಹುಬಿಂದು ವಿಧಾನಗಳು 2000ದ ದಶಕದಲ್ಲಿ ಬೆಳೆದವು. ಮಸುಕು ಚಿತ್ರದಿಂದ ಸ್ಪಷ್ಟ ಚಿತ್ರ ಕಟ್ಟುವ ನರಜಾಲಗಳನ್ನು ಡೆಮ್‌ಗೂ ಒಗ್ಗಿಸುವ ಪ್ರಯತ್ನ ಅದರ ಮುಂದುವರಿಕೆ. ಇವುಗಳ ಫಲಿತಾಂಶ ನೋಡಲು ಚೆಂದ. ಆದರೆ ಮಲೆನಾಡಿನ ಕಣಿವೆ ಕಲಿತ ಜಾಲ ಬಯಲುಸೀಮೆಯಲ್ಲೂ ಮಲೆನಾಡನ್ನೇ ಬರೆಯಬಲ್ಲದು.

ಒಂದು ಚೌಕದ ಲೆಕ್ಕ

ವಿವರಣೆಗಾಗಿ ಸ್ಯಾನ್ ಡಿಯೇಗೊದ ಮೇಸಾದಂಥ ಒಂದು ಕಿಲೋಮೀಟರ್ ಚೌಕವನ್ನು ಕಲ್ಪಿಸಿಕೊಳ್ಳಬಹುದು. ಸ್ಥೂಲ ನಕ್ಷೆಯ ಹೇಳಿಕೆ: ಮೇಸಾ ಶೇ. 70, ಕಮರಿಯ ಬದಿ ಶೇ. 20, ಕಮರಿಯ ತಳ ಶೇ. 10. ಇದನ್ನು ಹೆಕ್ಟೇರಿನ ನೂರು ತುಂಡು ಮಾಡಿದರೆ 70, 20, 10 ತುಂಡುಗಳು ಒಂದೊಂದು ವರ್ಗಕ್ಕೆ ಹೋಗಬೇಕು. ಇಳಿಜಾರು ಮತ್ತು ಸ್ಥಾನ ಸೂಚಿಯಿಂದ ಕಲಿತ ಮಾದರಿ ಪ್ರತಿ ತುಂಡಿಗೂ ಮೂರು ಸಂಭಾವ್ಯತೆ ಕೊಡುತ್ತದೆ. ನೂರನ್ನೂ ಕೂಡಿಸಿದಾಗ 62, 26, 12 ಬಂತು ಎನ್ನೋಣ. ಮಾದರಿಯ ಕಣ್ಣಿಗೆ ಕಮರಿ ನಕ್ಷೆ ಹೇಳಿದ್ದಕ್ಕಿಂತ ಹೆಚ್ಚಿದೆ.

ಈಗ ಪ್ರತಿ ವರ್ಗವನ್ನು ಅದರ ಕೊರತೆ–ಹೆಚ್ಚಳಕ್ಕೆ ತಕ್ಕಂತೆ ಗುಣಿಸಬೇಕು: ಮೇಸಾಗೆ 70/62, ಬದಿಗೆ 20/26, ತಳಕ್ಕೆ 10/12. ಮೇಸಾದ ಅಂಚಿನ ಒಂದು ತುಂಡಿಗೆ ಮಾದರಿ ಕೊಟ್ಟದ್ದು ಮೇಸಾ 0.30, ಬದಿ 0.55, ತಳ 0.15. ಗುಣಿಸಿ, ಮೊತ್ತ ಒಂದಾಗುವಂತೆ ಸರಿಮಾಡಿದರೆ 0.38, 0.48, 0.14 ಆಗುತ್ತದೆ. ಬದಿಯೇ ಇನ್ನೂ ಮುಂದಿದೆ, ಅಂತರ ಮಾತ್ರ ಕಿರಿದಾಗಿದೆ. ಇದನ್ನು ಮೊತ್ತ ಕೂಡುವ ತನಕ ಸುತ್ತು ಸುತ್ತಾಗಿ ಮಾಡುತ್ತಾರೆ. 1940ರಲ್ಲಿ ಡೆಮಿಂಗ್ ಮತ್ತು ಸ್ಟೀಫನ್ ಜನಗಣತಿಯ ಕೋಷ್ಟಕಗಳಿಗಾಗಿ ರೂಪಿಸಿದ ಸೂತ್ರವೇ ಇಲ್ಲೂ ದುಡಿಯುತ್ತದೆ.

ಈ ತುಂಡಿಗೆ ‘ಕಮರಿಯ ಬದಿ’ ಎಂದು ಬಣ್ಣ ಬಳಿದರೆ ನಕ್ಷೆ ಸ್ವಚ್ಛವಾಗಿ ಕಾಣುತ್ತದೆ. ಆದರೆ ಅಲ್ಲಿ ಮೇಸಾ ಇರುವ ಸಾಧ್ಯತೆ ಮೂರರಲ್ಲೊಂದಕ್ಕಿಂತ ಹೆಚ್ಚು ಎಂಬ ಮಾತು ಬಣ್ಣದಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಸೂಕ್ಷ್ಮೀಕರಣದ ನಿಜವಾದ ಫಲ ಗೆರೆ ಎಳೆದ ಒಂದು ನಕ್ಷೆಯಲ್ಲ, ವರ್ಗಕ್ಕೊಂದರಂತೆ ಸಂಭಾವ್ಯತೆಯ ನಕ್ಷೆಗಳ ಕಟ್ಟು. ಇನ್ನೊಂದು ತೊಡಕೂ ಇದೆ. 70–20–10 ಎಂಬ ಸ್ಥೂಲ ಹೇಳಿಕೆಯೇ ತಪ್ಪಾಗಿದ್ದರೆ, ಮೊತ್ತ ಕಾಯುವ ಹಟದಲ್ಲಿ ಸರಿಯಾಗಿದ್ದ ಸೂಕ್ಷ್ಮ ಅಂದಾಜೂ ಕೆಡುತ್ತದೆ. ಹಾಗಾಗಿ ಅನುಭವಿಗಳು ಮೊತ್ತವನ್ನು ಬಿಗಿಯಾಗಿ ಕಟ್ಟದೆ ಸ್ವಲ್ಪ ಸಡಿಲ ಬಿಡುತ್ತಾರೆ.

ಬಳಕೆ: ಭೂಕಂಪ

ಭೂಕಂಪದಲ್ಲಿ ಗಟ್ಟಿ ಬಂಡೆ ಕಡಿಮೆ ಅದುರುತ್ತದೆ, ಸಡಿಲ ಮೆಕ್ಕಲು ಹೆಚ್ಚು. ಇದನ್ನು ಮೇಲಿನ 30 ಮೀಟರ್ ನೆಲದಲ್ಲಿ ಅಡ್ಡ ಅಲೆಯ ಸರಾಸರಿ ವೇಗದಿಂದ ಅಳೆಯುತ್ತಾರೆ. ಸೆಕೆಂಡಿಗೆ 760 ಮೀಟರ್ ಮೀರಿದರೆ ಬಂಡೆ, 180ರಿಂದ 360ರ ನಡುವೆ ಗಡುಸು ಮಣ್ಣು, 180ಕ್ಕಿಂತ ಕಡಿಮೆಯಾದರೆ ಮೆದು ಮಣ್ಣು. ಎಲ್ಲೆಡೆ ಕೊಳವೆ ಇಳಿಸಿ ಅಳೆಯಲಾಗದು. 2007ರಲ್ಲಿ ಡೇವಿಡ್ ವಾಲ್ಡ್ ಮತ್ತು ಟ್ರೆವರ್ ಆಲೆನ್ ಇಳಿಜಾರಿನಿಂದಲೇ ವೇಗವನ್ನು ಅಂದಾಜಿಸಬಹುದೆಂದು ತೋರಿಸಿದರು: ಕಡಿದಾದ ನೆಲ ಸಾಮಾನ್ಯವಾಗಿ ಬಂಡೆ, ಸಪಾಟು ನೆಲ ಸಾಮಾನ್ಯವಾಗಿ ಮೆಕ್ಕಲು. 2012ರಲ್ಲಿ ಯುಎಸ್‌ಜಿಎಸ್‌ನ ಅಲನ್ ಯಾಂಗ್ ಮತ್ತು ಸಂಗಡಿಗರು ಇವಾಹಾಶಿ–ಪೈಕ್ ವಿಧಾನದ ಹದಿನಾರು ಭೂರೂಪ ವರ್ಗಗಳಿಗೆ ಒಂದೊಂದು ವೇಗವನ್ನು ಹೊಂದಿಸಿ ಇಡೀ ಕ್ಯಾಲಿಫೋರ್ನಿಯದ ನಕ್ಷೆ ಮಾಡಿದರು. 2014ರಲ್ಲಿ ಎರಿಕ್ ಥಾಂಪ್ಸನ್, ವಾಲ್ಡ್ ಮತ್ತು ವರ್ಡನ್ ಭೂವೈಜ್ಞಾನಿಕ ವಲಯಗಳನ್ನು ಅಡಿಪಾಯವಾಗಿಟ್ಟು, ವಲಯದೊಳಗಿನ ವ್ಯತ್ಯಾಸಕ್ಕೆ ಇಳಿಜಾರನ್ನು ಬಳಸಿ, ಅಳತೆಯಾದ ಜಾಗಗಳ ಸುತ್ತ ಕ್ರಿಗಿಂಗ್‌ನಿಂದ ತಿದ್ದಿದರು. ಸ್ಥೂಲ ವಲಯ, ಸೂಕ್ಷ್ಮ ಸುಳಿವು, ನೆಲದ ಸಾಕ್ಷಿ ಮೂರೂ ಕೂಡಿದ ನಕ್ಷೆ ಅದು.

ಸ್ಯಾನ್ ಡಿಯೇಗೊದ ಮೇಸಾಗಳು ಇಳಿಜಾರಿನ ಸೂತ್ರಕ್ಕೆ ಒಡ್ಡುವ ಪರೀಕ್ಷೆ ಗಮನಾರ್ಹ. ಅವು ಸಪಾಟು, ಆದ್ದರಿಂದ ಸೂತ್ರ ಅವನ್ನು ಮೆದು ಮೆಕ್ಕಲೆಂದು ಓದಲು ಹವಣಿಸುತ್ತದೆ. ನಿಜದಲ್ಲಿ ಅವು ಕಾಲದೊಂದಿಗೆ ಗಟ್ಟಿಗೊಂಡ ಹಳೆಯ ಕಡಲ ನಿಕ್ಷೇಪಗಳು. ‘ಸಪಾಟು ಮೇಲಿದೆಯೋ ಕೆಳಗಿದೆಯೋ’ ಎಂಬ ಹ್ಯಾಮಂಡನ ಪ್ರಶ್ನೆಯನ್ನು ಕೇಳದ ಸೂತ್ರ ಇಲ್ಲಿ ಎಡವುತ್ತದೆ.

1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪ (ಪರಿಮಾಣ 6.7) ಲಾಸ್ ಏಂಜಲೀಸಿನ ಸುತ್ತಲಿನ ಬೆಟ್ಟಗಳಲ್ಲಿ 11,000ಕ್ಕೂ ಹೆಚ್ಚು ಕುಸಿತಗಳನ್ನು ಉಂಟುಮಾಡಿತು. ಹಾರ್ಪ್ ಮತ್ತು ಜಿಬ್ಸನ್ ಅವನ್ನು ಪಟ್ಟಿಮಾಡಿ ನಕ್ಷೆಗೆ ಇಳಿಸಿದರು. ಮುಂದೆ ಅದೇ ಸಾಕ್ಷಿಯನ್ನು ಬಳಸಿ, 10 ಮೀಟರ್ ಚೌಕಗಳಲ್ಲಿ ಕುಸಿತದ ಸಂಭಾವ್ಯತೆಯನ್ನು ತೋರಿಸುವ ಮಾದರಿ ಸಿದ್ಧವಾಯಿತು. ಊಹೆಯನ್ನು ಒರೆಗೆ ಹಚ್ಚಲು ನೆಲವೇ ಇಷ್ಟು ದೊಡ್ಡ ಉತ್ತರಪತ್ರಿಕೆ ಕೊಡುವುದು ಅಪರೂಪ.

ಬಳಕೆ: ಬೆಂಕಿ ಮತ್ತು ಕೆಸರು

1933ರ ನವೆಂಬರಿನಲ್ಲಿ ಲಾ ಕ್ರೆಸೆಂಟಾ ಕಣಿವೆಯ ಮೇಲಿನ ಬೆಟ್ಟಗಳು ಉರಿದವು. ಹೊಸವರ್ಷದ ಹೊತ್ತಿಗೆ ಮಳೆ ಸುರಿಯಿತು. 1934ರ ಜನವರಿ 1ರ ಮೊದಲ ಗಂಟೆಗಳಲ್ಲಿ ಬಂಡೆ, ಮರ, ಕೆಸರು ಒಂದಾಗಿ ಕಮರಿಗಳಿಂದ ಧುಮುಕಿ ಲಾ ಕ್ರೆಸೆಂಟಾ, ಮಾಂಟ್ರೋಸ್ ಊರುಗಳನ್ನು ಹೂತುಹಾಕಿದವು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕಮರಿಗಳ ಬಾಯಲ್ಲಿ ಕೆಸರು ಹಿಡಿಯುವ ದೊಡ್ಡ ಗುಂಡಿಗಳು ಒಂದೊಂದಾಗಿ ಬಂದವು. 2009ರ ಸ್ಟೇಷನ್ ಕಾಡ್ಗಿಚ್ಚು ಇದೇ ಸ್ಯಾನ್ ಗೇಬ್ರಿಯಲ್ ಪರ್ವತದಲ್ಲಿ 1,60,000 ಎಕರೆ ಸುಟ್ಟಿತು. ಮುಂದಿನ ಮಳೆಗಾಲದಲ್ಲಿ, 2010ರ ಫೆಬ್ರವರಿಯಲ್ಲಿ, ತಪ್ಪಲಿನ ಮನೆಗಳಿಗೆ ಮತ್ತೆ ಕೆಸರು ನುಗ್ಗಿತು. 2025ರ ಜನವರಿಯ ಈಟನ್ ಬೆಂಕಿಯ ನಂತರ ಆಲ್ಟಡೀನದಲ್ಲೂ ಜನ ಮೋಡ ನೋಡಿ ಬೆಚ್ಚಬೇಕಾಯಿತು.

ಯುಎಸ್‌ಜಿಎಸ್‌ಗಾಗಿ ಡೆನಿಸ್ ಸ್ಟೇಲಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಮಾದರಿ, ಪ್ರತಿ ಕಮರಿಗೂ ಕೆಸರುಪ್ರವಾಹದ ಸಂಭಾವ್ಯತೆಯನ್ನು ಲಾಜಿಸ್ಟಿಕ್ ರಿಗ್ರೆಷನ್‌ನಿಂದ ಲೆಕ್ಕ ಹಾಕುತ್ತದೆ. 23 ಡಿಗ್ರಿ ಮೀರಿದ, ಚೆನ್ನಾಗಿ ಸುಟ್ಟ ಇಳಿಜಾರು ಎಷ್ಟು ಪಾಲು, ಸುಟ್ಟ ತೀವ್ರತೆ ಎಷ್ಟು, ಮಣ್ಣು ಎಷ್ಟು ಸುಲಭವಾಗಿ ಕೊಚ್ಚಿಹೋಗುತ್ತದೆ, ಹದಿನೈದು ನಿಮಿಷದ ಮಳೆ ಎಷ್ಟು ಬಿರುಸು ಎಂಬುವೇ ಅದರ ಸುಳಿವುಗಳು. ಬೆಂಕಿಯ ಚಿತ್ರ ಮತ್ತು ಡೆಮ್ ಸೂಕ್ಷ್ಮವಾಗಿವೆ. ಮಣ್ಣಿನ ಗುಣ ಮಾತ್ರ ಬರುವುದು ಸ್ಟ್ಯಾಟ್ಸ್‌ಗೊ ಎಂಬ ಅದೇ ಸ್ಥೂಲ ನಕ್ಷೆಯಿಂದ. ಅಕ್ಕಪಕ್ಕದ ಹತ್ತು ಕಮರಿಗಳಿಗೆ ಮಣ್ಣಿನ ಒಂದೇ ಅಂಕಿ ಸಿಕ್ಕಿದರೆ, ಅವುಗಳ ನಡುವಿನ ವ್ಯತ್ಯಾಸವನ್ನೆಲ್ಲ ಬೆಂಕಿ ಮತ್ತು ಇಳಿಜಾರುಗಳೇ ಹೇಳಬೇಕಾಗುತ್ತದೆ. ಸಾಲಿನ ಒಂದು ಕೊಂಡಿ ಒರಟಾಗಿದ್ದರೂ ಕೊನೆಯ ನಕ್ಷೆ ನುಣುಪಾಗಿ ಕಾಣುವುದಕ್ಕೆ ಇದೊಂದು ನಿದರ್ಶನ.

ಹವಾಮಾನದ ಸೋದರ ವಿದ್ಯೆ

ಡೌನ್‌ಸ್ಕೇಲಿಂಗ್ ಎಂಬ ಪದ ಹೆಚ್ಚು ಬಳಕೆಯಾಗುವುದು ಹವಾಮಾನ ವಿಜ್ಞಾನದಲ್ಲಿ. ಅದರಲ್ಲೂ ಈ ಎರಡು ನಗರಗಳಿಗೆ ಹೆಸರಿದೆ. ಸ್ಯಾನ್ ಡಿಯೇಗೊದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಡೇವಿಡ್ ಪಿಯರ್ಸ್, ಡ್ಯಾನ್ ಕಯಾನ್ ಮತ್ತು ಸಹೋದ್ಯೋಗಿ 2014ರಲ್ಲಿ ಲೋಕಾ ಎಂಬ ವಿಧಾನವನ್ನು ಪ್ರಕಟಿಸಿದರು. ಮುಂಬರುವ ಒಂದು ದಿನದ ಸ್ಥೂಲ ಹವಾಮಾನಕ್ಕೆ ಹೋಲುವ ಹಿಂದಿನ ದಿನಗಳನ್ನು ದಾಖಲೆಯಲ್ಲಿ ಹುಡುಕಿ, ಆ ದಿನಗಳ ಸ್ಥಳೀಯ ವಿವರವನ್ನು ಸುಮಾರು 6 ಕಿಲೋಮೀಟರ್ ಚೌಕಕ್ಕೆ ಎರವಲು ತರುವುದು ಅದರ ತಿರುಳು. 2018ರ ಕ್ಯಾಲಿಫೋರ್ನಿಯದ ನಾಲ್ಕನೇ ಹವಾಮಾನ ಬದಲಾವಣೆ ವರದಿ ಇದನ್ನು ಬಳಸಿತು. ಯುಸಿಎಲ್‌ಎಯ ಅಲೆಕ್ಸ್ ಹಾಲ್ ತಂಡ 2015ರಲ್ಲಿ, ಕೆಲವು ಮಾದರಿಗಳನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಓಡಿಸಿ, ಉಳಿದವನ್ನು ಅದರಿಂದ ಕಲಿತ ಸಂಖ್ಯಾಸೂತ್ರದಿಂದ ತುಂಬಿ, ಲಾಸ್ ಏಂಜಲೀಸ್ ಪ್ರದೇಶದ ತಾಪ ಏರಿಕೆಯನ್ನು 2 ಕಿಲೋಮೀಟರ್ ಚೌಕದಲ್ಲಿ ತೋರಿಸಿತು. ಮಳೆ–ತಾಪ ದಿನಕ್ಕೊಂದು ಬಗೆ, ಆದ್ದರಿಂದ ಹಳೆಯ ದಿನಗಳು ಗುರುವಾಗುತ್ತವೆ. ಬೆಟ್ಟ ಕದಲದು. ಹಾಗಾಗಿ ಭೂರೂಪದ ಸೂಕ್ಷ್ಮೀಕರಣಕ್ಕೆ ಹಳೆಯ ದಿನಗಳ ಬದಲು ಬೇರೆ ಜಾಗಗಳು ಗುರುವಾಗುತ್ತವೆ.

ಪರೀಕ್ಷೆ ಮತ್ತು ಮಿತಿಗಳು

ಸೂಕ್ಷ್ಮ ನಕ್ಷೆಯನ್ನು ಪರೀಕ್ಷಿಸಲು ನೆಲದಲ್ಲಿ ಗುರುತಿಸಿದ ಬಿಂದುಗಳು ಬೇಕು. ನಕ್ಷೆ ಹೇಳಿದ್ದು ಅಡ್ಡಸಾಲಿನಲ್ಲಿ, ನೆಲದಲ್ಲಿ ಕಂಡದ್ದು ಉದ್ದಸಾಲಿನಲ್ಲಿ ಬರೆದ ಕೋಷ್ಟಕದಿಂದ ಎಷ್ಟು ಒಪ್ಪಿತು, ಯಾವುದು ಯಾವುದರೊಡನೆ ಕಲಸಿತು ಎಂದು ತಿಳಿಯುತ್ತದೆ. ಎಚ್ಚರ ಬೇಕಾದದ್ದು ಒಂದು ಕಡೆ: ಕಲಿಕೆಯ ಬಿಂದುವಿನ ಪಕ್ಕದಲ್ಲೇ ಪರೀಕ್ಷೆಯ ಬಿಂದು ಇದ್ದರೆ, ಟಾಬ್ಲರ್ ನಿಯಮದಂತೆ ಅವೆರಡೂ ಹೋಲುತ್ತವೆ, ಅಂಕ ಸುಮ್ಮನೆ ಏರುತ್ತದೆ. ಆದ್ದರಿಂದ ಇಡೀ ಕಣಿವೆಯನ್ನೇ ಬದಿಗಿಟ್ಟು ಪರೀಕ್ಷಿಸುತ್ತಾರೆ. ಲಾಸ್ ಏಂಜಲೀಸಿನ ಬೀಸಣಿಗೆಗಳಲ್ಲಿ ಕಲಿತ ಮಾದರಿಯನ್ನು ಸ್ಯಾನ್ ಡಿಯೇಗೊದ ಮೇಸಾಗಳಲ್ಲಿ ಓಡಿಸಿ ನೋಡುವುದು ಇನ್ನೂ ಕಠಿಣ ಪರೀಕ್ಷೆ. ಅಲ್ಲಿ ಸಪಾಟು ನೆಲ ಬೆಟ್ಟದ ಬುಡದಲ್ಲಿದೆ, ಇಲ್ಲಿ ಕಮರಿಯ ತಲೆಯ ಮೇಲಿದೆ.

ಡೆಮ್‌ನ ಚೌಕಕ್ಕಿಂತ ಸಣ್ಣದಾದ ರೂಪವನ್ನು ಯಾವ ಗಣಿತವೂ ತೋರಿಸದು. ಸ್ಯಾನ್ ಡಿಯೇಗೊದ ಮಿರಾಮಾರ್, ಕೀರ್ನಿ ಮೇಸಾಗಳಲ್ಲಿ ಮೀಟರಿಗಿಂತ ಕಡಿಮೆ ಎತ್ತರದ ಸಣ್ಣ ಮಣ್ಣುಗುಡ್ಡೆಗಳ ನಡುವೆ ತಟ್ಟೆಯಂಥ ತಗ್ಗುಗಳಿವೆ. ಚಳಿಗಾಲದ ಮಳೆಗೆ ತುಂಬಿ, ಬೇಸಿಗೆಗೆ ಒಣಗಿ ಬಿರಿಯುವ ಈ ತಾತ್ಕಾಲಿಕ ಕೊಳಗಳಲ್ಲಿ ಬೇರೆಡೆ ಅಪರೂಪವಾದ ಜೀವಗಳಿವೆ. ಸ್ಯಾನ್ ಡಿಯೇಗೊ ಮೇಸಾ ಮಿಂಟ್ ಎಂಬ ಗಿಡವನ್ನು 1978ರಲ್ಲಿ, ಉಗುರಿನಷ್ಟಿರುವ ಫೇರಿ ಸೀಗಡಿಯನ್ನು 1997ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಒಂಬತ್ತು ಗುಂಟೆಯ ಚೌಕಕ್ಕೆ ಒಂದು ಎತ್ತರ ಬರೆಯುವ ಎಸ್‌ಆರ್‌ಟಿಎಂನಲ್ಲಿ ಈ ಕೊಳಗಳು ಇಲ್ಲವೇ ಇಲ್ಲ. ಅವು ಲೈಡಾರಿಗೆ ಅಥವಾ ಮಳೆ ನಿಂತ ಮರುದಿನ ಗಂಬೂಟು ಹಾಕಿ ಹೋದವರಿಗೆ ಮಾತ್ರ ಕಾಣುತ್ತವೆ.

ಮನುಷ್ಯ ಬದಲಿಸಿದ ನೆಲ ಇನ್ನೊಂದು ತೊಡಕು. ಕಮರಿಗೆ ಮಣ್ಣು ತುಂಬಿ ಮಾಡಿದ ಬಡಾವಣೆ ಡೆಮ್‌ಗೆ ಮೇಸಾದಂತೆಯೇ ಕಾಣುತ್ತದೆ. ಕಾನೂನಿನ ತೊಡಕೂ ಇದೆ. ಕ್ಯಾಲಿಫೋರ್ನಿಯದ 1990ರ ಭೂಕಂಪ ಅಪಾಯ ನಕ್ಷೆ ಕಾಯಿದೆಯಂತೆ, ಕುಸಿತದ ವಲಯದೊಳಗಿನ ಮನೆಯನ್ನು ಮಾರುವವರು ಅದನ್ನು ಕೊಳ್ಳುವವರಿಗೆ ತಿಳಿಸಲೇಬೇಕು. ಕಾನೂನಿಗೆ ಬೇಕಾದದ್ದು ಗೆರೆ, ಗಣಿತ ಕೊಡುವುದು ಸಂಭಾವ್ಯತೆ. ಅದಕ್ಕೇ ಈ ವಲಯಗಳನ್ನು ‘ಇಲ್ಲಿ ಕಟ್ಟುವ ಮುನ್ನ ನೆಲ ಪರೀಕ್ಷಿಸಿ’ ಎಂಬ ಸೂಚನೆಯಾಗಿ ರೂಪಿಸಲಾಗಿದೆ. ನಕ್ಷೆ ಅಂತಿಮ ತೀರ್ಪಲ್ಲ, ಎಲ್ಲಿ ಅಗೆದು ನೋಡಬೇಕೆಂಬ ತೋರುಬೆರಳು.

ಕರ್ನಾಟಕಕ್ಕೆ ಸಂಬಂಧ

2018ರ ಆಗಸ್ಟಿನ ಕೊಡಗು, 2024ರ ಜುಲೈ 16ರ ಅಂಕೋಲಾ ತಾಲ್ಲೂಕಿನ ಶಿರೂರು ಕುಸಿತಗಳ ನಂತರ ಇಲ್ಲೂ ಅದೇ ಪ್ರಶ್ನೆ ಎದ್ದಿತು: ಯಾವ ಗುಡ್ಡದ ಯಾವ ಬದಿ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕುಸಿತ ಸಂಭಾವ್ಯತೆಯ ರಾಷ್ಟ್ರೀಯ ನಕ್ಷೆ 1:50,000ದ್ದು. ಅದರಲ್ಲಿ ಪೆನ್ಸಿಲಿನ ಒಂದು ಮಿಲಿಮೀಟರ್ ಗೆರೆ 50 ಮೀಟರ್ ನೆಲವನ್ನು ಮುಚ್ಚುತ್ತದೆ. ರಸ್ತೆಗಾಗಿ ಕಡಿದ ಗುಡ್ಡದ ಇಡೀ ಮುಖ ಆ ಗೆರೆಯಡಿ ಅಡಗಬಹುದು. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್–1 ಉಪಗ್ರಹದ ಜೋಡಿಚಿತ್ರಗಳಿಂದ ಇಸ್ರೊ ಮಾಡಿದ 30 ಮೀಟರಿನ ಕಾರ್ಟೊಡೆಮ್ ಎಂಬ ಎತ್ತರ ಮಾದರಿ ಅದರ ಭುವನ್ ಜಾಲತಾಣದಲ್ಲಿ ಸಿಗುತ್ತದೆ. ಸ್ಥೂಲ ನಕ್ಷೆಯನ್ನು ಬಿಡಿಸಲು ಬೇಕಾದ ಮೊದಲ ಸಾಮಗ್ರಿ ಹಾಗಾಗಿ ಇದೆ.

ಬಿಡಿಸುವ ಬದಲು ನೆಲಕ್ಕೇ ಇಳಿದ ಉದಾಹರಣೆಯೂ ರಾಜ್ಯದಲ್ಲಿದೆ. ಸುಜಲ–3 ಜಲಾನಯನ ಯೋಜನೆಯಲ್ಲಿ ಮಣ್ಣಿನ ಸಮೀಕ್ಷೆಯನ್ನು 1:7,920ರಲ್ಲಿ, ಅಂದರೆ ಎಂಟು ಅಂಗುಲಕ್ಕೆ ಒಂದು ಮೈಲಿಯಂತೆ, ಗ್ರಾಮ ನಕ್ಷೆಯ ಸರ್ವೆ ನಂಬರುಗಳ ಮೇಲೆಯೇ ಮಾಡಲಾಯಿತು. ರಾಜ್ಯದ ಮಣ್ಣಿನ ಹಳೆಯ ನಕ್ಷೆ 1:2,50,000ದ್ದು. ಸಮೀಕ್ಷೆ ಮುಗಿದ ಹಳ್ಳಿಗಳು ಮುಗಿಯದ ಹಳ್ಳಿಗಳಿಗೆ ಕಲಿಕೆಯ ಪಾಠವಾಗಬಲ್ಲವು, ಸೂಕ್ಷ್ಮೀಕರಣದ ತಪ್ಪು–ಒಪ್ಪು ನೋಡುವ ಒರೆಗಲ್ಲೂ ಆಗಬಲ್ಲವು. ಅಂಥ ನಕ್ಷೆ ಒಂದು ಗದ್ದೆಯನ್ನು ಮಜಲು ಎಂದು ಶೇ. 48ರ ಸಂಭಾವ್ಯತೆಯಲ್ಲಿ ಹೇಳಿದರೆ, ಉಳಿದ ಶೇ. 52ನ್ನು ಬಿಡಿಸಬಲ್ಲವರು ಆ ಗದ್ದೆಯಲ್ಲಿ ಎಷ್ಟು ತಿಂಗಳು ನೀರು ನಿಲ್ಲುತ್ತದೆ ಎಂದು ಬಲ್ಲವರು.